ಮರಗಳ ನಡುವೆ ಹಾರುವ ತಟ್ಟೆ: ಬಾಳಿಕೆಯ ಡಿಸ್ಕನ್ನು ಆರಿಸುವ ಬಗೆ

ಕೋಥರೂಡಿನಲ್ಲಿ ದುಡಿಯುವ ನಮ್ಮ ಕನ್ನಡ ಬಂಧುಗಳಿಗೆ ವೇತಾಳ ಟೇಕಡಿಯ ಪರಿಚಯವನ್ನು ಮಾಡಿಕೊಡಬೇಕಾದ ಅಗತ್ಯವಿಲ್ಲ. ಪೌಡ ರಸ್ತೆಯ ಹೋಟೆಲುಗಳಲ್ಲಿ ಇಡ್ಲಿಯ ಹಬೆಯ ನಡುವೆ ಬೆಳಗನ್ನು ಕಳೆಯುವವರೂ, ಕರ್ವೆ ರಸ್ತೆಯ ಕಚೇರಿಗಳಲ್ಲಿ ಲೆಕ್ಕದ ಕಾಗದಗಳ ಮೇಲೆ ಬಾಗಿ ಕುಳಿತುಕೊಳ್ಳುವವರೂ ತಲೆಯೆತ್ತಿ ನೋಡಿದರೆ ಆ ಗುಡ್ಡ ಕಣ್ಣಿಗೆ ಬೀಳುತ್ತದೆ. ಆದರೆ ಕಾಣುವುದು ಬೇರೆ, ಹತ್ತುವುದು ಬೇರೆ. ವರ್ಷಗಟ್ಟಲೆ ಅದರ ಅಡಿಯಲ್ಲಿಯೇ ವಾಸವಾಗಿದ್ದು, ಒಮ್ಮೆಯೂ ಅದರ ನೆತ್ತಿಯ ಗಾಳಿಯನ್ನು ಕುಡಿಯದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅದಕ್ಕೆ ಕಾರಣ ಸೋಮಾರಿತನವಲ್ಲ. ದಿನವಿಡೀ ನಿಂತು ದುಡಿದ ಕಾಲುಗಳಿಗೆ ಸುಮ್ಮನೆ ನಡೆಯಲೆಂದು ಗುಡ್ಡ ಹತ್ತು ಎಂದರೆ ಅವು ಒಪ್ಪುವುದಿಲ್ಲ. ಅಲ್ಲೊಂದು ಆಟವಿದೆ ಎಂದರೆ ಮಾತ್ರ ಒಪ್ಪಿಯಾವು.

ಅಂಥ ಒಂದು ಆಟದ ವಿಷಯವಾಗಿ, ಅದಕ್ಕಿಂತ ಹೆಚ್ಚಾಗಿ ಆ ಆಟದ ಏಕಮಾತ್ರ ಸಲಕರಣೆಯನ್ನು ಜಾಣತನದಿಂದ ಕೊಳ್ಳುವ ವಿಷಯವಾಗಿ, ಇಂದು ನಾಲ್ಕು ಮಾತುಗಳನ್ನು ಬರೆಯಬೇಕೆಂದು ನಾವು ಬಯಸಿದ್ದೇವೆ. ಆಟದ ಹೆಸರು ಡಿಸ್ಕ್ ಗಾಲ್ಫ್. ಚೆಂಡಿಗೆ ಬದಲಾಗಿ ಪ್ಲಾಸ್ಟಿಕ್ಕಿನ ತಟ್ಟೆ. ಕೋಲಿಗೆ ಬದಲಾಗಿ ನಮ್ಮ ತೋಳು. ನೆಲದ ಕುಳಿಗೆ ಬದಲಾಗಿ ಸರಪಳಿಗಳು ತೂಗುತ್ತಿರುವ ಒಂದು ಕಬ್ಬಿಣದ ಬುಟ್ಟಿ. ಗೊತ್ತುಪಡಿಸಿದ ಸ್ಥಳದಿಂದ ಎಸೆಯಬೇಕು. ಬಿದ್ದಲ್ಲಿಗೆ ನಡೆದು ಅಲ್ಲಿಂದ ಮತ್ತೆ ಎಸೆಯಬೇಕು. ಎಲ್ಲರಿಗಿಂತ ಕಡಿಮೆ ಎಸೆತಗಳಲ್ಲಿ ಗುರಿಯನ್ನು ಮುಟ್ಟಿದವನೇ ಗೆದ್ದವನು. ಗಾಲ್ಫಿಗೆ ಬೇಕಾಗುವ ಹುಲ್ಲುಹಾಸು, ಕ್ಲಬ್ಬಿನ ಸದಸ್ಯತ್ವ, ಬೂಟು, ಕೋಲು ಹೊರುವ ಹುಡುಗ ಇವಾವುದೂ ಇದಕ್ಕೆ ಬೇಡ. ಮರಗಳಿದ್ದಷ್ಟೂ ಆಟಕ್ಕೆ ರುಚಿ ಹೆಚ್ಚು.

ರೊಟ್ಟಿ ಅಂಗಡಿಯಿಂದ ಹುಟ್ಟಿದ ಆಟ

ಹೋಟೆಲಿನವರಾದ ನಮ್ಮ ವಾಚಕರಿಗೆ ಈ ಆಟದ ವಂಶಾವಳಿಯನ್ನು ಕೇಳಿ ಸಂತೋಷವಾಗದೆ ಇರದು. ಅಮೇರಿಕೆಯ ಕನೆಕ್ಟಿಕಟ್ ಸಂಸ್ಥಾನದ ಬ್ರಿಜ್‌ಪೋರ್ಟ್ ಎಂಬ ಊರಿನಲ್ಲಿ ಫ್ರಿಸ್ಬಿ ಎಂಬವರ ಸಿಹಿತಿಂಡಿಯ ಕಾರಖಾನೆಯಿತ್ತು. ತಿಂಡಿಯನ್ನು ತಿಂದು ಮುಗಿಸಿದ ವಿದ್ಯಾರ್ಥಿಗಳು ಅದರ ತಗಡಿನ ತಟ್ಟೆಗಳನ್ನು ಒಬ್ಬರಿಗೊಬ್ಬರು ಎಸೆದು ಆಡುತ್ತಿದ್ದರು. ಇತ್ತ ಕ್ಯಾಲಿಫೋರ್ನಿಯಾದಲ್ಲಿ ಫ್ರೆಡ್ ಮಾರಿಸನ್ ಎಂಬ ತರುಣನು ಕಡಲತೀರದಲ್ಲಿ ಕೇಕು ಬೇಯಿಸುವ ತಟ್ಟೆಯೊಂದನ್ನು ಎಸೆದಾಡುತ್ತಿದ್ದಾಗ, ನೋಡಿದವನೊಬ್ಬನು ಐದು ಸೆಂಟಿನ ಆ ತಟ್ಟೆಗೆ ಇಪ್ಪತ್ತೈದು ಸೆಂಟು ಕೊಡಲು ಮುಂದಾದನಂತೆ. ಮಾರಿಸನ್ನನಿಗೆ ವ್ಯಾಪಾರದ ಹೊಳಹು ಸಿಕ್ಕಿದ್ದು ಅಲ್ಲಿಯೇ. ಅವನು ರೂಪಿಸಿದ ಪ್ಲಾಸ್ಟಿಕ್ ತಟ್ಟೆಯನ್ನು ವ್ಹಾಮ್-ಓ ಎಂಬ ಕಂಪನಿಯು 1957ರಲ್ಲಿ ಪೇಟೆಗೆ ತಂದು, ಅದೇ ವರ್ಷ ಅದಕ್ಕೆ ಫ್ರಿಸ್ಬೀ ಎಂಬ ಹೆಸರನ್ನಿಟ್ಟಿತು.

ಆ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ಎಂಬವರು ತಟ್ಟೆಯ ಮೇಲೆ ಉಂಗುರದಂಥ ಏಣುಗಳನ್ನು ಮೂಡಿಸಿ ಅದರ ಹಾರಾಟವನ್ನು ಸ್ಥಿರಗೊಳಿಸಿದರು. 1975ರಲ್ಲಿ ಲಾಸ್ ಏಂಜಲೀಸಿನ ಹತ್ತಿರದ ಓಕ್ ಗ್ರೋವ್ ಉದ್ಯಾನದಲ್ಲಿ ಓಕ್ ಮರಗಳ ನಡುವೆ ಡಿಸ್ಕ್ ಗಾಲ್ಫಿನ ಮೊದಲ ಶಾಶ್ವತ ಮೈದಾನವನ್ನು ಏರ್ಪಡಿಸಿದರು. ಮರುವರ್ಷ ಆಟಗಾರರ ಸಂಘವನ್ನು ಸ್ಥಾಪಿಸಿದರು. ಸರಪಳಿಯ ಬುಟ್ಟಿಯೂ ಅವರದೇ ಕಲ್ಪನೆ. 2002ರಲ್ಲಿ ಅವರು ತೀರಿಕೊಂಡಾಗ, ಅವರ ಇಚ್ಛೆಯಂತೆಯೇ ಅವರ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಡಿಸ್ಕುಗಳನ್ನು ಅಚ್ಚುಹಾಕಲಾಯಿತು. ಆಟದ ಮೇಲಿನ ಇಂಥ ನಿಷ್ಠೆಯನ್ನು ಬೇರೆಲ್ಲಿ ಕಂಡೇವು!

ಹೀಗೆ, ಇದು ಹುಟ್ಟಿದ್ದೇ ಮರಗಳ ನಡುವೆ. ಫಿನ್ಲೆಂಡ್ ಮತ್ತು ಸ್ವೀಡನ್ ದೇಶಗಳ ಕಾಡುಗಳಲ್ಲಿಯೂ ಈಗ ನೂರಾರು ಮೈದಾನಗಳಿವೆ. ಪುಣೆಯಾದರೂ ಆಟಗಳ ಚರಿತ್ರೆಯಲ್ಲಿ ಹಿಂದೆ ಬಿದ್ದ ಊರಲ್ಲ. ಬ್ಯಾಡ್ಮಿಂಟನ್ನಿನ ಆರಂಭದ ನಿಯಮಗಳು 1870ರ ದಶಕದಲ್ಲಿ ಇಲ್ಲಿಯೇ ರೂಪುಗೊಂಡು, ಆ ಆಟಕ್ಕೆ ಕೆಲಕಾಲ 'ಪೂನಾ' ಎಂದೇ ಹೆಸರಿತ್ತು. ಹಾರುವ ತಟ್ಟೆಯ ಇನ್ನೊಂದು ಆಟವಾದ ಅಲ್ಟಿಮೇಟನ್ನು ಪುಣೆ, ಬೆಂಗಳೂರು, ಚೆನ್ನೈಗಳ ತರುಣ ತರುಣಿಯರು ಈಗ ತಂಡ ಕಟ್ಟಿಕೊಂಡು ಆಡುತ್ತಾರೆ. ಹಾರುವ ತಟ್ಟೆಯ ಆಟಗಳ ವಿಶ್ವಸಂಘಕ್ಕೆ 2015ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮನ್ನಣೆ ದೊರೆತಿದೆ.

ಬೆಲೆಯ ಪ್ರಶ್ನೆ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಡಿಸ್ಕ್ ಗಾಲ್ಫಿನ ತಟ್ಟೆ ಮಕ್ಕಳ ಆಟಿಗೆಯಲ್ಲ. ಪೇಟೆಯಲ್ಲಿ ಆಟದ ಸಾಮಾನಿನ ಅಂಗಡಿಯ ಬಾಗಿಲಿಗೆ ತೂಗುಹಾಕಿರುವ ಹಗುರವಾದ ತಟ್ಟೆಯನ್ನು ತಂದು ಮರಕ್ಕೆ ಬಡಿದರೆ ಮೊದಲ ದಿನವೇ ಅದರ ಅಂಚು ಸೀಳಿಹೋಗುವುದು. ಆಟದ ನಿಜವಾದ ಡಿಸ್ಕು ಬಹುಮಟ್ಟಿಗೆ ಹೊರದೇಶದಿಂದ ಬರತಕ್ಕದ್ದು. ಸಾಗಣೆ ಮತ್ತು ಸುಂಕ ಸೇರಿ ಒಂದೊಂದರ ಬೆಲೆಯೂ ನಮ್ಮಂಥವರ ಒಂದೆರಡು ದಿನದ ದುಡಿಮೆಯನ್ನು ನುಂಗಬಹುದು. ಊರಿಗೆ ಹಣ ಕಳುಹಿಸಿ, ಖೋಲಿಯ ಬಾಡಿಗೆಯನ್ನು ಕೊಟ್ಟು, ಉಳಿದುದರಲ್ಲಿ ತಿಂಗಳನ್ನು ದೂಡುವವನು ಇಷ್ಟು ಹಣವನ್ನು ಒಂದು ತಟ್ಟೆಗೆ ಸುರಿದು, ಅದು ಮೂರು ತಿಂಗಳಲ್ಲಿ ಕೆಟ್ಟುಹೋದರೆ, ಆಟವನ್ನೇ ಶಪಿಸಿ ಮತ್ತೆ ಖೋಲಿಯ ಚಾಪೆಗೆ ಹಿಂದಿರುಗುತ್ತಾನೆ. ಆದುದರಿಂದ ಬಾಳಿಕೆಯ ಪ್ರಶ್ನೆ ಶ್ರೀಮಂತನಿಗೆ ಹವ್ಯಾಸದ ಮಾತಾಗಿರಬಹುದು; ನಮಗೆ ಅದು ಆಟ ಉಳಿಯುವುದೋ ಅಳಿಯುವುದೋ ಎಂಬ ಮಾತು.

ಪ್ಲಾಸ್ಟಿಕ್ಕುಗಳಲ್ಲಿ ಎರಡು ಜಾತಿ

ಎಲ್ಲ ಡಿಸ್ಕುಗಳೂ ಪ್ಲಾಸ್ಟಿಕ್ಕಿನವೇ ಆದರೂ ಪ್ಲಾಸ್ಟಿಕ್ಕೆಲ್ಲ ಒಂದೇ ಅಲ್ಲ. ಸ್ಥೂಲವಾಗಿ ಎರಡು ಜಾತಿಗಳೆಂದು ತಿಳಿದುಕೊಂಡರೆ ಸಾಕು. ಮೊದಲನೆಯದು ಅಗ್ಗದ ಮೂಲ ಪ್ಲಾಸ್ಟಿಕ್ಕು. ಇದು ನಮ್ಮ ಹಾಲಿನ ಚೀಲ, ಸ್ನಾನದ ಬಕೀಟುಗಳ ಬಳಗಕ್ಕೆ ಹತ್ತಿರದ್ದು. ಕೈಗೆ ಚೆನ್ನಾಗಿ ಹಿಡಿತ ಕೊಡುತ್ತದೆ. ಆದರೆ ಪೆಟ್ಟು ಬಿದ್ದಲ್ಲಿ ತಗ್ಗುತ್ತದೆ, ಉಜ್ಜಿದಲ್ಲಿ ಸವೆಯುತ್ತದೆ, ತಗ್ಗಿದ್ದು ಮತ್ತೆ ಮೇಲೇಳುವುದಿಲ್ಲ. ಎರಡನೆಯದು ಪಾಲಿಯುರೆಥೇನ್ ಎಂಬ ಉಚ್ಚತರಗತಿಯ ವಸ್ತು. ಇದನ್ನು ನಮ್ಮ ವಾಚಕರು ಪ್ರತಿದಿನವೂ ಕೈಯಲ್ಲಿ ಹಿಡಿಯುತ್ತಾರೆ. ಮೊಬೈಲ್ ಫೋನಿಗೆ ತೊಡಿಸುವ ಮೆತ್ತನೆಯ ಪಾರದರ್ಶಕ ಕವಚವು ಸಾಮಾನ್ಯವಾಗಿ ಈ ಜಾತಿಯ ಪ್ಲಾಸ್ಟಿಕ್ಕಿನದೇ. ಫೋನು ನೆಲಕ್ಕೆ ಬಿದ್ದಾಗ ಪೆಟ್ಟನ್ನು ತಾನು ನುಂಗಿ, ಮತ್ತೆ ಮೊದಲಿನ ಆಕಾರಕ್ಕೆ ಬರುವ ಅದೇ ಗುಣವು ಮರಕ್ಕೆ ಬಡಿದ ಡಿಸ್ಕನ್ನೂ ಕಾಪಾಡುತ್ತದೆ.

ಇದರ ಮರ್ಮವೇನು? ಈ ವಸ್ತುವಿನ ಅಣುಗಳು ಉದ್ದವಾದ ಸರಪಳಿಗಳಂತಿದ್ದು, ಪ್ರತಿಯೊಂದು ಸರಪಳಿಯಲ್ಲಿಯೂ ಗಟ್ಟಿಯಾದ ತುಂಡು, ಮೆದುವಾದ ತುಂಡು ಒಂದಾದ ಮೇಲೊಂದು ಬರುತ್ತವೆ. ಮೆದುವಾದ ಭಾಗಗಳು ಹಿಗ್ಗುತ್ತವೆ. ಗಟ್ಟಿಯಾದ ಭಾಗಗಳು ಒಂದಕ್ಕೊಂದು ಅಂಟಿಕೊಂಡು, ಹಿಗ್ಗಿದುದನ್ನು ಮತ್ತೆ ಸ್ವಸ್ಥಾನಕ್ಕೆ ಎಳೆದು ತರುತ್ತವೆ. ಪ್ಲಾಸ್ಟಿಕ್ಕಿನ ಇಂಥ ರಹಸ್ಯಗಳನ್ನು ಶೋಧಿಸುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವು, 1950ರ ಜನವರಿ 3ರಂದು ಪಂಡಿತ ನೆಹರೂರವರಿಂದ ಉದ್ಘಾಟನೆಗೊಂಡು, ಇದೇ ಗುಡ್ಡದ ಪಾಷಾಣ ಕಡೆಯ ಮಗ್ಗುಲಲ್ಲಿ ನಿಂತಿದೆ.

ಕೊಳ್ಳುವಾಗ ಈ ಜಾತಿಗಳನ್ನು ಗುರುತಿಸುವುದು ಹೆಸರಿನಿಂದ. ಅಮೇರಿಕೆಯ ಇನ್ನೋವಾ ಕಂಪನಿಯ ಡಿಸ್ಕಾದರೆ ಡಿ.ಎಕ್ಸ್. ಎಂಬುದು ಮೂಲ ಪ್ಲಾಸ್ಟಿಕ್ಕು. ಸ್ಟಾರ್ ಮತ್ತು ಚಾಂಪಿಯನ್ ಎಂಬವು ಬಾಳಿಕೆಯವು. ಡಿಸ್ಕ್ರಾಫ್ಟ್ ಕಂಪನಿಯದಾದರೆ ಪ್ರೊ-ಡಿ ಮೂಲದ್ದು, ಈ.ಎಸ್.ಪಿ. ಮತ್ತು ಝೀ ಬಾಳಿಕೆಯವು. ಸ್ವೀಡನ್ನಿನ ಲ್ಯಾಟಿಟ್ಯೂಡ್ 64 ಕಂಪನಿಯವರು ಬಾಳಿಕೆಯವನ್ನು ಗೋಲ್ಡ್, ಆಪ್ಟೋ ಎಂದು ಕರೆಯುತ್ತಾರೆ. ಒಂದೇ ಅಚ್ಚಿನ ಡಿಸ್ಕು ಬೇರೆ ಬೇರೆ ಪ್ಲಾಸ್ಟಿಕ್ಕುಗಳಲ್ಲಿ ದೊರೆಯುವುದರಿಂದ, ಅಚ್ಚಿನ ಹೆಸರನ್ನಷ್ಟೇ ನೋಡಿ ಕೊಂಡವನು ಮೋಸಹೋಗುತ್ತಾನೆ. ಪ್ಲಾಸ್ಟಿಕ್ಕಿನ ಹೆಸರನ್ನೂ ಕಡ್ಡಾಯವಾಗಿ ಓದತಕ್ಕದ್ದು.

ಚಾಂಪಿಯನ್, ಝೀ ಮುಂತಾದ ಪಾರದರ್ಶಕ ಬಗೆಗಳು ಎಲ್ಲಕ್ಕಿಂತ ಗಟ್ಟಿ. ಆದರೆ ಬೆವರಿದ ಕೈಯಿಂದ ಜಾರುವ ಸ್ವಭಾವದವು. ಸ್ಟಾರ್, ಈ.ಎಸ್.ಪಿ. ಮುಂತಾದ ಪಾರದರ್ಶಕವಲ್ಲದ ಬಗೆಗಳು ಸ್ವಲ್ಪ ಮೆದು, ಹಿಡಿತ ಹೆಚ್ಚು, ಬಾಳಿಕೆಯಲ್ಲಿ ಕೂದಲೆಳೆಯಷ್ಟೇ ಹಿಂದೆ. ಎಣ್ಣೆ ತುಪ್ಪಗಳಲ್ಲಿ ದುಡಿದು ಬಂದ ಕೈಗಳಿಗೂ, ವೈಶಾಖದ ಬೆವರಿಗೂ, ಶ್ರಾವಣದ ತುಂತುರಿಗೂ ಎರಡನೆಯ ಬಗೆಯೇ ಹೆಚ್ಚು ಒಗ್ಗುವುದೆಂದು ನಮ್ಮ ಅಭಿಪ್ರಾಯ. ಹೆಗಲ ಮೇಲೊಂದು ಒಣ ಬಟ್ಟೆಯಿದ್ದರೆ ಇನ್ನೂ ಉತ್ತಮ. ಆ ಅಭ್ಯಾಸವನ್ನು ಹೋಟೆಲಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ಚಳಿಯಲ್ಲಿ ಗಟ್ಟಿ ಪ್ಲಾಸ್ಟಿಕ್ಕು ಬಿರಿಯುತ್ತದೆಂಬ ಎಚ್ಚರಿಕೆಯನ್ನು ಹೊರದೇಶದ ಆಟಗಾರರು ಕೊಡುವುದುಂಟು. ನೀರು ಹೆಪ್ಪುಗಟ್ಟುವ ಫಿನ್ಲೆಂಡಿನಲ್ಲಿ ಅದು ಸರಿ. ಪುಣೆಯ ಪುಷ್ಯಮಾಸದ ಚಳಿಗೆ ಆ ಭಯ ಬೇಡ.

ಮರ ಮಾಡುವ ಹಾನಿ, ಕಲ್ಲು ಮಾಡುವ ಹಾನಿ

ಡಿಸ್ಕಿನ ಹಾರಾಟವೆಲ್ಲ ಅದರ ಅಂಚಿನಲ್ಲಿದೆ. ಬಲಗೈಯವನು ಹಿಂಗೈ ಬೀಸಿ ಎಸೆದಾಗ ಹೊಸ ಡಿಸ್ಕು ಮೊದಲು ನೇರವಾಗಿಯೋ ತುಸು ಬಲಕ್ಕೆ ವಾಲಿಯೋ ಸಾಗಿ, ವೇಗವು ತಗ್ಗಿದೊಡನೆ ಎಡಕ್ಕೆ ಬಾಗಿ ಇಳಿಯುತ್ತದೆ. ಮರಗಳಿಗೆ ಮತ್ತೆ ಮತ್ತೆ ಬಡಿದು ಅಂಚಿನ ಆಕಾರ ಕೆಟ್ಟಂತೆ, ಅದು ಬಲಕ್ಕೆ ವಾಲುವ ಚಾಳಿಯನ್ನು ಬೆಳೆಸಿಕೊಂಡು ಎಡಕ್ಕೆ ಹಿಂದಿರುಗುವುದನ್ನು ಮರೆಯುತ್ತದೆ. ಬಯಲಿನಲ್ಲಿ ಇದು ದೊಡ್ಡ ದೋಷವಲ್ಲ. ಎರಡು ಕಾಂಡಗಳ ನಡುವೆ ಎರಡೇ ಮಾರಿನ ಕಿಂಡಿಯಿರುವಾಗ ಒಂದು ಗೇಣು ವಾಲಿದರೂ ಮುಗಿಯಿತು. ಮತ್ತೊಂದು ಮರ, ಮತ್ತೊಂದು ಪೆಟ್ಟು. ಕೆಟ್ಟ ಅಂಚು ಮರಕ್ಕೆ ಬಡಿಯುತ್ತದೆ. ಮರಕ್ಕೆ ಬಡಿದ ಅಂಚು ಮತ್ತಷ್ಟು ಕೆಡುತ್ತದೆ. ಮರಗಳ ನಡುವೆ ಆಡುವವನಿಗೆ ಬಾಳಿಕೆಯ ಪ್ಲಾಸ್ಟಿಕ್ಕು ಬೇಕೆನ್ನುವುದು ಇದಕ್ಕಾಗಿಯೇ.

ನುರಿತ ಆಟಗಾರರು ಸವೆದ ಡಿಸ್ಕನ್ನೂ ಬಿಸಾಡುವುದಿಲ್ಲ. ಬಲಕ್ಕೆ ಬಾಗುವ ದಾರಿಗಳಲ್ಲಿ ಅದನ್ನೇ ಬಳಸುತ್ತಾರೆ. ಆದರೆ ಕಲಿಯುವವನ ಮಾತು ಬೇರೆ. ಎಸೆತ ತಪ್ಪಿದಾಗ ದೋಷ ತನ್ನ ಕೈಯದೋ, ಬದಲಾದ ಡಿಸ್ಕಿನದೋ ಎಂಬುದು ಅವನಿಗೆ ತಿಳಿಯಬೇಕು. ಅಳತೆಗೋಲೇ ದಿನಕ್ಕೊಂದು ಉದ್ದವಾದರೆ ಬಟ್ಟೆಯನ್ನು ಅಳೆಯುವುದೆಂತು?

ಇಲ್ಲಿ ನಮ್ಮ ಗುಡ್ಡದ ಒಂದು ವಿಶೇಷವನ್ನು ಮರೆಯಬಾರದು. ಇಲ್ಲಿನ ಇಳಿಜಾರುಗಳಲ್ಲಿ ಅರಣ್ಯ ಇಲಾಖೆಯವರು ಹಿಂದೆ ನೆಡಿಸಿದ ಗ್ಲಿರಿಸಿಡಿಯಾ, ಅಂದರೆ ನಮ್ಮ ಊರಕಡೆ ಗೊಬ್ಬರದ ಗಿಡವೆಂದು ಕರೆಯುವ ಮರ, ದಟ್ಟವಾಗಿ ಬೆಳೆದಿದೆ. ಅದು ಬುಡದಿಂದಲೇ ಹಲವು ಕಾಂಡಗಳಾಗಿ ಕವಲೊಡೆಯುವುದರಿಂದ ಕಿಂಡಿಗಳು ಕಿರಿದು. ಅದರೊಡನೆ ಬೇವೂ ಜಾಲಿಯೂ ಇವೆ. ಆದರೆ ಮರಕ್ಕಿಂತ ದೊಡ್ಡ ವೈರಿ ಕಾಲಡಿಯಲ್ಲಿದೆ. ದಖ್ಖನಿನ ಕಪ್ಪು ಕಲ್ಲು ಇಲ್ಲಿ ಎಲ್ಲೆಲ್ಲಿಯೂ ತಲೆಯೆತ್ತಿದೆ. ಮೇಲೆ ಹಳೆಯ ಕಲ್ಲುಗಣಿಯೊಂದು ನೀರು ತುಂಬಿಕೊಂಡು ನಿಂತಿರುವುದನ್ನು ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಮರ ಡಿಸ್ಕನ್ನು ತಗ್ಗಿಸುತ್ತದೆ. ಕಲ್ಲು ಅದನ್ನು ಕೆತ್ತುತ್ತದೆ. ತಗ್ಗಿದ ಅಂಚು ಒಳ್ಳೆಯ ಪ್ಲಾಸ್ಟಿಕ್ಕಿನಲ್ಲಿ ಮತ್ತೆ ಸರಿಹೋದೀತು. ಕೆತ್ತಿಹೋದುದು ಮರಳಿ ಬಾರದು. ಆದಕಾರಣ ಕಲ್ಲು ಹಾಸಿದ ಬೋಳು ದಾರಿಗಳನ್ನು ಬಿಟ್ಟು, ಮಣ್ಣೂ ತರಗೆಲೆಯೂ ಇರುವೆಡೆಯನ್ನು ಆರಿಸಿಕೊಳ್ಳುವುದು ಪ್ಲಾಸ್ಟಿಕ್ಕಿನ ಆಯ್ಕೆಯಷ್ಟೇ ಮುಖ್ಯವಾದುದು.

ಯಾವ ಅಚ್ಚು, ಎಷ್ಟು ತೂಕ?

ಡಿಸ್ಕಿನ ಮೇಲೆ ಅನೇಕ ವೇಳೆ ನಾಲ್ಕು ಅಂಕಿಗಳಿರುತ್ತವೆ. ಮೊದಲನೆಯದು ವೇಗ; ಎರಡನೆಯದು ಗಾಳಿಯಲ್ಲಿ ತೇಲುವ ಶಕ್ತಿ; ಮೂರನೆಯದು ಆರಂಭದಲ್ಲಿ ಬಲಕ್ಕೆ ವಾಲುವ ಪ್ರಮಾಣ; ನಾಲ್ಕನೆಯದು ಕೊನೆಯಲ್ಲಿ ಎಡಕ್ಕೆ ಬಾಗುವ ಪ್ರಮಾಣ. ವೇಗದ ಅಂಕಿ 12, 13 ಇರುವ ಡಿಸ್ಕನ್ನು ಕಂಡು ಹೊಸಬರು ಮರುಳಾಗುತ್ತಾರೆ. ಅದು ಬೀಸುವ ತೋಳಿಗೂ ಅಷ್ಟೇ ವೇಗವಿದ್ದಾಗ ಮಾತ್ರ ಸರಿಯಾಗಿ ಹಾರುತ್ತದೆ. ಇಲ್ಲವಾದರೆ ಎಡಕ್ಕೆ ಹೊರಳಿ ಬೀಳುತ್ತದೆ. ಮರಗಳ ನಡುವೆಯಂತೂ ದೂರಕ್ಕಿಂತ ನೇರವೇ ಮುಖ್ಯ. ಅಲ್ಲದೆ, ನಿಧಾನವಾಗಿ ಹೋದ ಡಿಸ್ಕು ಮರಕ್ಕೆ ಬಡಿದರೂ ಪೆಟ್ಟು ಕಡಿಮೆ. ಹೀಗೆ ಕಡಿಮೆ ವೇಗದ ಅಚ್ಚನ್ನು ಆರಿಸುವುದೂ ಬಾಳಿಕೆಗೆ ಒಂದು ಉಪಾಯವೇ.

ಮೂರು ಡಿಸ್ಕುಗಳು ಸಾಕು. ಒಂದು, ಗುರಿಯ ಹತ್ತಿರ ಹಾಕಲು ವೇಗ 2ರ ಏವಿಯಾರಿನಂಥದು. ಎರಡು, ನಡುದಾರಿಗೆ ವೇಗ 5ರ ಬಜ್ ಅಥವಾ ಮ್ಯಾಕೊ3. ಮೂರು, ತುಸು ದೂರಕ್ಕೆ ವೇಗ 6ರ ಲೆಪರ್ಡ್. ಇವುಗಳಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಬಾಳಿಕೆಯ ಪ್ಲಾಸ್ಟಿಕ್ಕಿನಲ್ಲಿ ಕೊಳ್ಳಬೇಕು. ಮರದ ಪೆಟ್ಟನ್ನು ತಿನ್ನುವುವು ಅವೇ. ಮೊದಲನೆಯದನ್ನು ಅಗ್ಗದ ಮೂಲ ಪ್ಲಾಸ್ಟಿಕ್ಕಿನಲ್ಲಿ ಕೊಂಡರೆ ನಷ್ಟವಿಲ್ಲ. ಅದು ಹತ್ತು ಹೆಜ್ಜೆಯ ಒಳಗಿನ ಮೆಲ್ಲೆಸೆತಕ್ಕೆ ಮೀಸಲು. ಅಲ್ಲಿ ಬಾಳಿಕೆಗಿಂತ ಬೆರಳಿನ ಹಿಡಿತ ಮೇಲು. ಒಂದನ್ನೇ ಕೊಳ್ಳುವ ಶಕ್ತಿಯಿದ್ದವರು ಎರಡನೆಯದನ್ನು ಕೊಳ್ಳಲಿ. ಅದೊಂದರಿಂದಲೇ ಇಡೀ ಆಟವನ್ನು ಆಡಬಹುದು.

ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಲೇಬೇಕು. ಒಂದೇ ಅಚ್ಚಿನ ಡಿಸ್ಕು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸಾಮಾನ್ಯವಾಗಿ ಹೆಚ್ಚು ಹಟಮಾರಿಯಾಗಿ ಎಡಕ್ಕೆ ಬಾಗುತ್ತದೆ. ಅದು ಸವೆದು ಮೆತ್ತಗಾಗುವುದೂ ತಡ. ಆದುದರಿಂದ ಬಾಳಿಕೆಯ ಪ್ಲಾಸ್ಟಿಕ್ಕನ್ನು ಕೊಳ್ಳುವ ಹೊಸಬನು ಮೊದಲಿನಿಂದಲೇ ನೇರವಾಗಿ ಹಾರುವ ಅಚ್ಚನ್ನು, ಅಂದರೆ ನಾಲ್ಕನೆಯ ಅಂಕಿ 0 ಅಥವಾ 1 ಇರುವುದನ್ನು, ಆರಿಸತಕ್ಕದ್ದು. ಮೇಲೆ ಹೇಳಿದವೆಲ್ಲ ಅಂಥವೇ.

ತೂಕದ ವಿಷಯದಲ್ಲಿ ಆಟಗಾರರ ಸಂಘದ ಕಟ್ಟಳೆಯೊಂದಿದೆ. ಡಿಸ್ಕಿನ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಮಿಗಿಂತ ಹೆಚ್ಚು ತೂಕವಿರಕೂಡದು. 21.2 ಸೆಂಟಿಮೀಟರಿನ ಡಿಸ್ಕಿಗೆ ಲೆಕ್ಕ ಹಾಕಿದರೆ ಸುಮಾರು 176 ಗ್ರಾಮು ಬರುತ್ತದೆ. ಕಲಿಯುವವರಿಗೆ 165ರಿಂದ 172 ಗ್ರಾಮಿನದು ಹಿತ. ತೀರ ಹಗುರವಾದದ್ದು ಗುಡ್ಡದ ಗಾಳಿಗೆ ಅಲೆಯುತ್ತದೆ.

ಕೊಳ್ಳುವ ಮುನ್ನ ಪರೀಕ್ಷೆ

ಡಿಸ್ಕು ಕೈಗೆ ಬಂದಾಗ ಮಾಡಬೇಕಾದ ಪರೀಕ್ಷೆಗಳು ಸುಲಭ. ಮೊದಲು ಅದನ್ನು ಹೋಟೆಲಿನ ಸಂಗಮವರಿಕಲ್ಲಿನ ಮೇಜಿನ ಮೇಲೆ ಬೋರಲು ಹಾಕಿರಿ. ಅಲುಗಾಡದೆ ಸುತ್ತಲೂ ಸಮನಾಗಿ ಕುಳಿತರೆ ಸರಿ. ಎರಡನೆಯದಾಗಿ ಹೊರ ಅಂಚಿನ ಸುತ್ತ ಬೆರಳನ್ನು ಓಡಿಸಿರಿ. ಅಚ್ಚು ಕೂಡಿದ ಗೆರೆಯಲ್ಲಿ ಮುಳ್ಳಿನಂತೆ ಎದ್ದ ಪ್ಲಾಸ್ಟಿಕ್ಕು ಇರಕೂಡದು. ಮೂರನೆಯದಾಗಿ ಎರಡೂ ಕೈಗಳಿಂದ ಹಿಡಿದು ಮೆಲ್ಲಗೆ ಬಾಗಿಸಿ ಬಿಡಿರಿ. ಬಾಗಿದ್ದು ತಾನಾಗಿ ನೆಟ್ಟಗಾಗಬೇಕು, ಬಾಗಿದಲ್ಲಿ ಬಿಳಿಯ ಗೆರೆ ಮೂಡಕೂಡದು. ಕೊನೆಗೆ ಉಗುರಿನಿಂದ ಒತ್ತಿ ನೋಡಿರಿ. ಗುರುತು ಉಳಿದರೆ ಅದು ಮೂಲ ಪ್ಲಾಸ್ಟಿಕ್ಕಿನ ಬಳಗದ್ದೆಂದು ತಿಳಿಯಬಹುದು. ಬರೆದ ತೂಕದಲ್ಲಿ ಸಂಶಯವಿದ್ದರೆ ಅಡಿಗೆಮನೆಯ ತಕ್ಕಡಿಯಿದ್ದೇ ಇದೆ.

ಲೆಕ್ಕವನ್ನೂ ಒಮ್ಮೆ ನೋಡೋಣ. ಬರಿಯ ಅನುಕೂಲಕ್ಕಾಗಿ, ಅಗ್ಗದ ಡಿಸ್ಕಿಗೆ 700 ರೂ., ಬಾಳಿಕೆಯದಕ್ಕೆ 1,400 ರೂ. ಎಂದಿಟ್ಟುಕೊಳ್ಳಿರಿ. ಅಗ್ಗದ್ದು ಮರಗಳ ನಡುವೆ ನಾಲ್ಕು ತಿಂಗಳಿಗೆ ಕೆಟ್ಟು, ಬಾಳಿಕೆಯದು ಎರಡು ವರ್ಷ ನಡೆದರೆ, ಎರಡು ವರ್ಷಗಳಲ್ಲಿ ಮೊದಲನೆಯದಕ್ಕೆ ಆರು ಸಲ ಹಣ ತೆರಬೇಕು; ಒಟ್ಟು 4,200 ರೂ. ಎರಡನೆಯದಕ್ಕೆ 1,400 ಮಾತ್ರ. ಆದರೆ ಈ ಲಾಭವೆಲ್ಲ ಒಂದು ಷರತ್ತಿನ ಮೇಲೆ ನಿಂತಿದೆ: ಡಿಸ್ಕು ಕಳೆದುಹೋಗಬಾರದು. ಮೊದಲ ತಿಂಗಳಲ್ಲಿಯೇ ಪೊದೆಯ ಪಾಲಾದರೆ ಬಾಳಿಕೆಯದನ್ನು ಕೊಂಡವನೇ ಹೆಚ್ಚು ನಷ್ಟಕ್ಕೆ ಗುರಿಯಾಗುತ್ತಾನೆ.

ಆದುದರಿಂದ ಬಣ್ಣವೂ ಬಾಳಿಕೆಯ ಒಂದು ಅಂಗವೆಂದೇ ಎಣಿಸಬೇಕು. ಮಳೆಗಾಲದಲ್ಲಿ ಗುಡ್ಡ ಹಸುರು. ಚಳಿಗಾಲ ಕಳೆದಂತೆ ಹುಲ್ಲು ಒಣಗಿ ಹಳದಿ, ಕಂದು. ಈ ಮೂರು ಬಣ್ಣಗಳ ಡಿಸ್ಕು ಬೇಡ. ನಸುಗೆಂಪು ಚೆನ್ನಾಗಿ ಕಾಣುವುದಾದರೂ, ಫಾಲ್ಗುಣದ ಸುಮಾರಿಗೆ ಗೊಬ್ಬರದ ಗಿಡಗಳು ಎಲೆಯುದುರಿಸಿ ಅದೇ ಬಣ್ಣದ ಹೂಗಳನ್ನು ನೆಲಕ್ಕೆ ಚೆಲ್ಲುತ್ತವೆ! ಅಚ್ಚನೀಲಿ ಎಲ್ಲ ಋತುಗಳಿಗೂ ಸರಿ. ಪಾರದರ್ಶಕ ಡಿಸ್ಕು ಹುಲ್ಲಿನ ಬಣ್ಣವನ್ನೇ ಹೊದ್ದು ಅಡಗುವುದರಿಂದ ಅದನ್ನು ಬಿಡುವುದು ಲೇಸು. ಒಳಮಗ್ಗುಲಲ್ಲಿ ಅಳಿಸದ ಮಸಿಯಿಂದ ಹೆಸರನ್ನೂ ಫೋನಿನ ಸಂಖ್ಯೆಯನ್ನೂ ಬರೆದಿಡಬೇಕು. ಒಬ್ಬನು ಎಸೆಯುವಾಗ ಇನ್ನೊಬ್ಬನು ಮುಂದೆ ಓರೆಯಾಗಿ, ಮರದ ಮರೆಯಲ್ಲಿ ನಿಂತು ಬೀಳುವ ಸ್ಥಳವನ್ನು ಗುರುತಿಡಬೇಕು.

ಆರೈಕೆಯೂ ಅಷ್ಟೇ. ಬಿಸಿಲಿನಲ್ಲಿ ನಿಂತ ವಾಹನದೊಳಗೂ, ಒಲೆಯ ಬಳಿಯಲ್ಲಿಯೂ ಡಿಸ್ಕನ್ನು ಇಡಬಾರದು, ಕಾದು ಸೊಟ್ಟಗಾಗುತ್ತದೆ. ಸೊಟ್ಟಗಾದುದನ್ನು ಬಿಸಿನೀರಿನಲ್ಲಿ, ಕುದಿನೀರಿನಲ್ಲಲ್ಲ, ಸ್ವಲ್ಪ ಹೊತ್ತು ಅದ್ದಿ ಸಮನಾದ ಹಲಗೆಯ ಮೇಲೆ ಭಾರವಿಟ್ಟು ಆರಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಅಂಚಿನಲ್ಲೆದ್ದ ಸಿಬಿರುಗಳನ್ನು ನಯವಾದ ಉಪ್ಪುಕಾಗದದಿಂದ ಮೆಲ್ಲಗೆ ತಿಕ್ಕಬಹುದು. ಆಟದ ನಿಯಮವೂ ಅಷ್ಟಕ್ಕೆ ಅಡ್ಡಬರುವುದಿಲ್ಲ.

ಗುಡ್ಡದ ಮರ್ಯಾದೆ

ಬಾಳಿಕೆಯ ಮಾತನ್ನಾಡುವಾಗ ಡಿಸ್ಕಿನ ಬಾಳಿಕೆಯನ್ನಷ್ಟೇ ಹೇಳಿ, ಮರದ ಬಾಳಿಕೆಯನ್ನು ಮರೆತರೆ ಅದು ಕೃತಘ್ನತೆಯಾದೀತು. ಗಟ್ಟಿ ಪ್ಲಾಸ್ಟಿಕ್ಕು ತನ್ನ ಅಂಚನ್ನು ಉಳಿಸಿಕೊಳ್ಳುತ್ತದೆಂದರೆ ಪೆಟ್ಟಿನ ಹೆಚ್ಚಿನ ಪಾಲು ತೊಗಟೆಗೆ ಬೀಳುತ್ತದೆಂದೇ ಅರ್ಥ. ಎಳೆಯ ಸಸಿಗಳಿರುವಲ್ಲಿ ಆಡಬಾರದು. ಮರವನ್ನೇ ಗುರಿಯಾಗಿ ಇಟ್ಟುಕೊಳ್ಳಬಾರದು. ಮರಕ್ಕೆ ಮೊಳೆ ಹೊಡೆಯಬಾರದು. ದಾರಿ ಅಗಲವಾಗಲೆಂದು ಕೊಂಬೆ ಮುರಿಯಬಾರದು. ಸರಪಳಿಯ ಬುಟ್ಟಿಗೆ ಬದಲಾಗಿ ಹೋಟೆಲಿನ 15 ಕಿಲೋ ಎಣ್ಣೆಯ ಖಾಲಿ ಡಬ್ಬಿಯೊಂದಕ್ಕೆ ಗೋಣಿ ಸುತ್ತಿ ನಿಲ್ಲಿಸಿದರೆ ಸೊಗಸಾದ ಗುರಿಯಾಗುತ್ತದೆ. ಗೋಣಿ ಏಕೆಂದರೆ, ತಗಡಿನ ಬರಿಯ ಅಂಚು ಎಂಥ ಪ್ಲಾಸ್ಟಿಕ್ಕನ್ನೂ ಕೊಯ್ದೀತು. ಮರಳುವಾಗ ಡಬ್ಬಿಯೂ ನಮ್ಮೊಡನೆಯೇ ಇಳಿಯಬೇಕು.

ಗುಡ್ಡದ ದೊಡ್ಡ ಭಾಗ ಅರಣ್ಯ ಇಲಾಖೆಯ ವಶದಲ್ಲಿದೆ. ಅವರ ಫಲಕದಲ್ಲಿರುವ ವೇಳೆ ಮತ್ತು ನಿಯಮಗಳನ್ನು ಪಾಲಿಸಬೇಕು, ಕಾವಲುಗಾರರನ್ನು ಮೊದಲೇ ಕೇಳಿಕೊಳ್ಳಬೇಕು, ಬೇಡವೆಂದಲ್ಲಿ ಆಡಬಾರದು. ಗಟ್ಟಿ ಡಿಸ್ಕಿನ ಅಂಚು ತೆಳುವಾಗಿರುವುದರಿಂದ ಮುಖಕ್ಕೆ ತಗಲಿದರೆ ಗಾಯ ನಿಶ್ಚಯ. ನಡೆಯಲು ಬಂದ ಹಿರಿಯರೂ ಮಕ್ಕಳೂ ದಾಟಿಹೋಗುವವರೆಗೆ ಕೈ ತಡೆಯಬೇಕು. ನವಿಲುಗಳು ತಿರುಗಾಡುವ ಪೊದೆಗಳ ಕಡೆಗೆ ಎಸೆಯುವುದಂತೂ ಸಲ್ಲದು. ಬಾಲಭಾರತಿಯಿಂದ ಪೌಡ ಫಾಟಾದವರೆಗೆ ಉದ್ದೇಶಿಸಿದ್ದ ರಸ್ತೆಯಿಂದ ಈ ಗುಡ್ಡಕ್ಕೆ ಅಪಾಯವೆಂದು 2023ರಲ್ಲಿ ಪುಣೆಯ ನಾಗರಿಕರು ಬೀದಿಗಿಳಿದು ನಡೆದರು. ಅವರು ಕಾಪಾಡಲು ಹೊರಟಿರುವ ನೆರಳಿನಲ್ಲಿ ನಾವು ಆಡತಕ್ಕವರು. ಪರಊರಿನಿಂದ ಬಂದವರೆಂಬ ಕಾರಣಕ್ಕೆ ನಮ್ಮ ನಡತೆಯ ಮೇಲೆ ಒಂದು ಕಣ್ಣು ಹೆಚ್ಚಾಗಿಯೇ ಇರುತ್ತದೆ. ಆ ಕಣ್ಣಿಗೆ ನಾವು ಒಳ್ಳೆಯ ನೆರೆಯವರಾಗಿ ಕಾಣಿಸಿಕೊಳ್ಳಬೇಕು.

ವಾರಕ್ಕೊಂದು ರಜೆ ದುಡಿಯುವವನ ಹಕ್ಕೆಂದು 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಹೇಳಿತ್ತು; ಅದರ ಸ್ಥಾನಕ್ಕೆ ಬಂದ 2017ರ ಮಹಾರಾಷ್ಟ್ರದ ಕಾಯಿದೆಯೂ ವಾರದ ರಜೆಯನ್ನು ಉಳಿಸಿಕೊಂಡಿತು. ಹಾಗೆ ದೊರೆತ ದಿನವನ್ನು ಹೇಗೆ ಕಳೆಯಬೇಕೆಂಬುದನ್ನು ಯಾವ ಕಾಯಿದೆಯೂ ಹೇಳಲಾರದು. ಒಂದೇ ಖೋಲಿಯಲ್ಲಿರುವ ನಾಲ್ವರು ಕೂಡಿ ಮೂರು ಡಿಸ್ಕುಗಳನ್ನು ಕೊಂಡರೆ ಒಬ್ಬೊಬ್ಬನ ಪಾಲಿಗೆ ಬರುವ ವೆಚ್ಚ ದೊಡ್ಡದಲ್ಲ. ಒಬ್ಬನು ಅಡಿಗೆಯವನು, ಒಬ್ಬನು ಬಡಿಸುವವನು, ಒಬ್ಬನು ಗಲ್ಲೆಯಲ್ಲಿ ಕೂಡುವವನು, ಒಬ್ಬನು ಕಚೇರಿಯ ಗುಮಾಸ್ತ; ಮರಗಳ ನಡುವೆ ನಾಲ್ವರ ಎಸೆತಕ್ಕೂ ಒಂದೇ ನಿಯಮ. ಒಳ್ಳೆಯ ಪ್ಲಾಸ್ಟಿಕ್ಕು, ನಿಧಾನದ ಅಚ್ಚು, ನೀಲಿಯ ಬಣ್ಣ, ಕಲ್ಲಿಲ್ಲದ ನೆಲ: ಈ ನಾಲ್ಕನ್ನು ನೆನಪಿನಲ್ಲಿಟ್ಟುಕೊಂಡು, ಬರುವ ರಜೆಯ ದಿನ ನಮ್ಮ ಬಂಧುಗಳು ಗುಡ್ಡದ ದಾರಿಯನ್ನು ಹಿಡಿಯಲೆಂದು ನಾವು ಹಾರೈಸುತ್ತೇವೆ.